ಈ ಹೆಂಚುಗಳನ್ನು ನಾನು ಪರೀಕ್ಷಿಸಲಾರೆ

“ಈ ಆರು ಹೆಂಚನ್ನ ನಾನು ಮುಟ್ಟೋದೂ ಇಲ್ಲ. ವಾಪಸ್ ತಗೊಂಡು ಹೋಗಿ!”

ಅಷ್ಟು ಜೋರಾಗಿ ಹೇಳಬೇಕೆಂದು ಅವಳು ಅಂದುಕೊಂಡಿರಲಿಲ್ಲ. ಆದರೆ ಎದುರಿಗೆ ನಿಂತವನು ಆ ಹೆಂಚುಗಳನ್ನು ಹಸುಗೂಸಿನ ಹಾಗೆ ಕಂಬಳಿಯಲ್ಲಿ ಸುತ್ತಿ ತಂದಿದ್ದ. ಆರೂ ಹೊಳೆಯುತ್ತಿದ್ದವು. ಒಂದರಲ್ಲೂ ಗೀರಿಲ್ಲ, ಕಲೆಯಿಲ್ಲ.

“ಯಾಕೆ ಮೇಡಂ? ಏನು ತಪ್ಪಾಯ್ತು?”

“ಇವನ್ನ ನೀವು ಆರಿಸಿ ತಂದಿದ್ದೀರಿ.”

“ಆರಿಸದೆ? ಫೋಟೋ ತೆಗೆಸೋಕೆ ಯಾರಾದ್ರೂ ಮುಖ ತೊಳೀದೆ ಹೋಗ್ತಾರಾ?”

ಪಕ್ಕದ ಮೇಜಿನವರು ಕಿಸಕ್ಕೆಂದರು. ಅವಳ ಕಿವಿ ಬಿಸಿಯಾಯಿತು.

“ಇದು ಫೋಟೋ ಸ್ಟುಡಿಯೋ ಅಲ್ಲ. ನಿಮ್ಮ ರಾಶಿಯಿಂದ ನಾನೇ ಬಂದು ಎತ್ತಬೇಕು. ಕಣ್ಣಿಗೆ ಕಂಡದ್ದಲ್ಲ, ಚೀಟಿ ಎತ್ತಿದಾಗ ಬಂದ ನಂಬರಿನದ್ದು.”

ಅವನು ಆರೂ ಹೆಂಚನ್ನು ಮತ್ತೆ ಕಂಬಳಿಯಲ್ಲಿ ಸುತ್ತಿದ. “ಹಾಗಾದ್ರೆ ಬನ್ನಿ. ನಮ್ಮ ಕಾರ್ಖಾನೆಗೆ ಯಾರೂ ಬರಲ್ಲ ಅಂತ ಅಮ್ಮನಿಗೆ ಬೇಜಾರಿತ್ತು.”

ಅದು ದೇಶದ ಕೈಗಾರಿಕೆಗಳಿಗಾಗಿ ಸರ್ಕಾರ ಕಟ್ಟಿದ ಸಂಶೋಧನಾ ಸಂಸ್ಥೆ. ಸಣ್ಣಪುಟ್ಟ ಕಾರ್ಖಾನೆಯವರು ತಿರುಪು, ಬಣ್ಣ, ಪೈಪು, ಇಟ್ಟಿಗೆ ಹಿಡಿದು ಅಲ್ಲಿಗೆ ಬರುತ್ತಿದ್ದರು. ಇಲ್ಲಿಯ ಪ್ರಮಾಣಪತ್ರವಿಲ್ಲದೆ ಸರ್ಕಾರಿ ಕಟ್ಟಡಗಳಿಗೆ ಒಂದು ಮೊಳೆಯೂ ಹೋಗುವಂತಿರಲಿಲ್ಲ. ಮಣ್ಣಿನ ಸಾಮಾನುಗಳ ವಿಭಾಗದಲ್ಲಿ ಅವಳು ಆರು ವರ್ಷದಿಂದ ಪರೀಕ್ಷಕಿ. ಸಂಜೆ ಕಾಲೇಜಿನಲ್ಲಿ ಓದಿ ಗಿಟ್ಟಿಸಿದ ಕೆಲಸ. ಅದಕ್ಕೇ ಏನೋ, ಯಾರಾದರೂ ಬಂದು ‘ನೀನಿಲ್ಲಿ ಹೇಗೆ ಸೇರಿದೆ?’ ಎಂದು ಕೇಳಿಬಿಟ್ಟಾರೆಂಬ ಅಳುಕು ಅವಳನ್ನು ಬಿಟ್ಟಿರಲಿಲ್ಲ.

ಮಾರನೆಯ ವಾರ ಅವಳು ಕಾರ್ಖಾನೆಗೆ ಹೋದಳು. ಅಂಗಳದ ತುಂಬ ಕೆಂಪು ಧೂಳು. ಚೀಟಿಯ ನಂಬರು ನೋಡಿಕೊಂಡು ರಾಶಿಯ ತಳದಿಂದ ಹೆಂಚು ಎಳೆದಾಗಲೆಲ್ಲ ಅವನು ಹಲ್ಲು ಕಚ್ಚುತ್ತಿದ್ದ.

“ಅದೊಂದು ಬೇಡ ಮೇಡಂ, ಅದು ಸ್ವಲ್ಪ ಪೆದ್ದು.”

“ಪೆದ್ದನ್ನೂ ಮಾರ್ತೀರಲ್ಲ?”

ಅವನು ತಲೆ ಹಿಂದಕ್ಕೆ ಹಾಕಿ ನಕ್ಕ. ಆ ನಗು ಕೇಳಿ ಅವಳು ಬರೆಯುತ್ತಿದ್ದ ನಂಬರು ತಪ್ಪಿತು. ಹೊಡೆದು ಹಾಕಿ ಮತ್ತೆ ಬರೆದಳು.

ಎರಡು ಊರಿನ ಶಾಲೆಗಳಿಗೆ ಮಾಡು ಹೊದಿಸುವ ಆರ್ಡರ್ ಅದು. ತಂದೆ ತೀರಿಕೊಂಡ ಮೇಲೆ ಅವನಿಗೆ ಸಿಕ್ಕ ಮೊದಲ ದೊಡ್ಡ ಕೆಲಸ.

ಪರೀಕ್ಷೆ ನೋಡುವುದಕ್ಕೆ ಸುಲಭ. ಹೆಂಚನ್ನು ಓವನ್ನಿನಲ್ಲಿ ಒಣಗಿಸಿ ತೂಗಬೇಕು. ಒಂದು ದಿನ ನೀರಿನಲ್ಲಿ ಮುಳುಗಿಸಿ, ಮೇಲಿನ ನೀರನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ತೂಗಬೇಕು. ನೂರು ಗ್ರಾಂ ಹೆಂಚು ಹದಿನೆಂಟು ಗ್ರಾಂಗಿಂತ ಹೆಚ್ಚು ನೀರು ಕುಡಿದರೆ ಫೇಲು. ಅಷ್ಟು ಕುಡಿಯುವ ಮಾಡು ಮಳೆಗಾಲದಲ್ಲಿ ಸೋರುತ್ತದೆ, ಭಾರಕ್ಕೆ ಕುಗ್ಗುತ್ತದೆ.

ಎರಡನೆಯ ತೂಕದ ದಿನ ಅವನು ಗಾಜಿನ ಕಿಟಕಿಯಾಚೆ ನಿಂತಿದ್ದ. ಮಾದರಿ ಕೊಟ್ಟವರು ನೋಡಬಹುದೆಂಬ ನಿಯಮವಿತ್ತು. ಅವಳು ತಲೆ ಎತ್ತಲಿಲ್ಲ. ಎತ್ತದಿದ್ದರೂ ಅವನು ಅಲ್ಲೇ ಇದ್ದಾನೆಂದು ಬೆನ್ನಿಗೂ ಗೊತ್ತಿತ್ತು!

ಹದಿನೇಳು ಪಾಯಿಂಟ್ ಏಳು. ಪಾಸು.

ಅವನು ಕಿಟಕಿಯಾಚೆಯಿಂದ ಎರಡೂ ಕೈ ಮುಗಿದ. ಅವಳು ಅವತ್ತು ಬಸ್ಸಿನಲ್ಲಿ ಎರಡು ಸ್ಟಾಪು ಮುಂದೆ ಹೋಗಿ ಇಳಿದಳು.

ಭಾನುವಾರ ಅವನ ತಾಯಿ ಅವಳು ವಾಸವಿದ್ದ ಅಕ್ಕನ ಮನೆಗೆ ಬಂದರು. ಸುತ್ತಿ ಬಳಸದೆ ಕೇಳಿದರು: “ನಿಮ್ಮ ತಂಗಿಯನ್ನ ನನ್ನ ಮಗನಿಗೆ ಕೊಡ್ತೀರಾ? ಆರು ಹೆಂಚು ವಾಪಸ್ ಕಳಿಸಿದ ಹುಡುಗಿ ಅಂತ ಮನೇಲಿ ದಿನಾ ಹೇಳ್ತಾನೆ.”

ಅವರು ಹೋದ ಮೇಲೆ ಅಕ್ಕ ಹತ್ತಿರ ಬಂದು ಕುಳಿತಳು. “ಏನಂತೀಯ?”

“ಎಂಟು ದಿನ ಟೈಮ್ ಕೊಡಕ್ಕ.”

“ಎಂಟು ದಿನ! ಒಂದು ಲೋಟ ಕೊಳ್ಳೋಕೂ ಅಳೆದು ಸುರಿದು ಅಂಗಡಿಯವನ ಪ್ರಾಣ ತಿಂತೀಯ. ಇಷ್ಟ ಇದೆಯೋ ಇಲ್ವೋ?”

ಇಷ್ಟವಿತ್ತು. ಅದೇ ಭಯವಾಗಿತ್ತು. ಇಷ್ಟಪಟ್ಟ ಯಾವುದೂ ಇಷ್ಟು ಸುಲಭವಾಗಿ ಅವಳ ಬಾಗಿಲಿಗೆ ಬಂದದ್ದಿಲ್ಲ...

ಗುರುವಾರ, ಬಟ್ಟೆ ಒಗೆಯಲು ಕಳಿಸುವ ದಿನ. ಪ್ರಯೋಗಾಲಯದ ಬಟ್ಟೆಗಳನ್ನು ಎಣಿಸುತ್ತಿದ್ದವಳ ಕೈ ತಟ್ಟನೆ ನಿಂತಿತು.

ಹೆಂಚು ಒರೆಸಲೆಂದು ಟ್ರೇಯಲ್ಲಿ ಇಟ್ಟಿದ್ದ ಬಟ್ಟೆ ಬೆಳ್ಳಗಿತ್ತು. ಕೈ ಒರೆಸಿಕೊಳ್ಳಲು ಮೊಳೆಗೆ ನೇತು ಹಾಕಿದ್ದ ದಪ್ಪ ಹೊಸ ಟವೆಲ್ಲಿನ ಮೇಲೆ ಕೆಂಪು ಗುರುತುಗಳಿದ್ದವು. ಎಣಿಸಿದಳು. ಆರು, ಅವನ ಹೆಂಚಿನಷ್ಟೇ.

ಕಿಟಕಿಯಾಚೆ ಅವನು ನಿಂತಿದ್ದ ಹೊತ್ತಿನಲ್ಲಿ ಕೈ ಯಾವುದನ್ನು ಎಳೆದುಕೊಂಡಿತ್ತು!

ಒದ್ದೆ ಬಟ್ಟೆ ಮೇಲಿನ ನೀರನ್ನಷ್ಟೇ ತೆಗೆಯುತ್ತದೆ. ಒಣ ಟವೆಲ್ಲು ಹೆಂಚಿನ ಒಳಗಿನದನ್ನೂ ಹೀರುತ್ತದೆ. ಹೆಂಚು ಕುಡಿದ ನೀರು ತೂಕದಲ್ಲಿ ಕಡಿಮೆ ಕಂಡಿರುತ್ತದೆ. ಪಾಸಾದ ಹೆಂಚು ನಿಜಕ್ಕೂ ಪಾಸೋ ಅಲ್ಲವೋ, ಈಗ ಯಾರಿಗೂ ಗೊತ್ತಿಲ್ಲ. ಸೋಮವಾರ ಲಾರಿಗೆ ತುಂಬುತ್ತಾರೆ.

ಟವೆಲ್ಲನ್ನು ಮಡಿಸಿ ಒಗೆಯುವ ಗಂಟಿಗೆ ಹಾಕಿದ್ದರೆ ಮುಗಿದುಹೋಗುತ್ತಿತ್ತು. ಆ ಯೋಚನೆ ಅವಳಿಗೆ ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು. ಟವೆಲ್ಲನ್ನು ಎತ್ತಿಕೊಂಡು ವಿಭಾಗದ ಮುಖ್ಯಸ್ಥೆಯ ಕೋಣೆಗೆ ಹೋದಳು.

ದೊಡ್ಡ ಮೇಡಂ ಕನ್ನಡಕ ಏರಿಸಿ ಟವೆಲ್ಲು ನೋಡಿದರು. ಬೈಯಲಿಲ್ಲ. “ಪ್ರಮಾಣಪತ್ರ ಇವತ್ತೇ ಹಿಂದಕ್ಕೆ ತಗೋಬೇಕು. ನಿನ್ನ ಮೇಲೆ ಒಂದು ಮೆಮೊ ಬರುತ್ತೆ, ತಯಾರಾಗಿರು.”

“ಬರಲಿ ಮೇಡಂ.”

ಸಂಜೆಯಾಗುವ ಮೊದಲೇ ಅವನ ಫೋನು ಬಂತು.

“ಬೇಡ ಅಂದ್ರೆ ಬೇಡ ಅಂತ ನಮ್ಮಮ್ಮನ ಹತ್ರ ಒಂದು ಮಾತು ಹೇಳಬಹುದಿತ್ತು ಮೇಡಂ. ಹೆಂಚಿನ ಮೇಲೆ ಯಾಕೆ ಸೇಡು?”

“ಸೇಡಾ? ಅಲ್ಲ... ಕೇಳಿ ಇಲ್ಲಿ, ತಪ್ಪು ನನ್ನದೇ. ನಾನು ಒಣ ಟವೆಲ್ಲಲ್ಲಿ...”

“ಟವೆಲ್ಲು! ಇಷ್ಟು ದಿನ ಸುಮ್ಮನಿದ್ದು, ನಾವು ಮದುವೆ ಮಾತೆತ್ತಿದ ನಾಲ್ಕನೇ ದಿನಕ್ಕೆ ಟವೆಲ್ಲು ನೆನಪಾಯ್ತಾ?”

ಅವನ ಜಾಗದಲ್ಲಿದ್ದರೆ ತಾನೂ ಹಾಗೇ ಅಂದುಕೊಳ್ಳುತ್ತಿದ್ದೆ ಎಂದು ಅವಳಿಗೆ ಅನ್ನಿಸಿತು. ಅದೇ ಇನ್ನೂ ನೋಯಿಸಿತು.

ಅವನ ದನಿ ತಗ್ಗಿತು. “ಸರಿ. ನಿಜವಾಗ್ಲೂ ಟವೆಲ್ಲೇ ಆಗಿದ್ರೆ ಒಂದು ಕೆಲಸ ಮಾಡಿ. ಇನ್ನೊಂದು ಸಲ ನೀವೇ ಪರೀಕ್ಷೆ ಮಾಡಿ. ನಿಮ್ಮ ಕೈಯಲ್ಲಿ ಫೇಲಾದ್ರೆ ನಾನು ಬಾಯಿ ಮುಚ್ಕೊಂಡಿರ್ತೀನಿ.”

“ನಾಳೆ ಹೇಳ್ತೀನಿ,” ಎಂದಳು.

ಮರುದಿನ ದೊಡ್ಡ ಮೇಡಂ ಮುಂದೆ ನಿಂತು ಅದನ್ನೇ ಕೇಳಿದಳು. ಅವರು ಪೆನ್ನಿನ ಮುಚ್ಚಳ ಹಾಕಿದರು.

“ಮದುವೆ ಮಾತು ನಡೀತಿದೆ ಅಂತ ನಿನ್ನ ಅಕ್ಕ ಮಾರ್ಕೆಟ್ಟಲ್ಲಿ ಸಿಕ್ಕಾಗ ಹೇಳಿದ್ಲು. ನೀನು ಬೇಡ ಅಂದಿದ್ದೀಯಾ?”

“ಇನ್ನೂ ಏನೂ ಹೇಳಿಲ್ಲ ಮೇಡಂ.”

“ಬೇಡ ಅಂತಾದ್ರೆ ಸಂಬಂಧ ಇಲ್ಲ, ನೀನೇ ಮಾಡು. ಹೂಂ ಅಂತಾದ್ರೆ ಆ ಹೆಂಚನ್ನ ನೀನು ಮುಟ್ಟೋ ಹಾಗಿಲ್ಲ. ಯಾಕೆ ಮುಟ್ಟಲ್ಲ ಅಂತ ಬರೆದುಕೊಡಬೇಕು. ಫಲಿತಾಂಶದ ಜೊತೆ ಒಂದು ಪ್ರತಿ ಅವನಿಗೂ ಹೋಗುತ್ತೆ, ನಿಯಮ. ಯೋಚನೆ ಮಾಡು.”

ಹೆಂಚನ್ನು ಮುಟ್ಟಿದರೆ ಅವನ ನಂಬಿಕೆ ಉಳಿಯುತ್ತದೆ, ಅವನು ಉಳಿಯುವುದಿಲ್ಲ. ಮುಟ್ಟದಿದ್ದರೆ... ಕೋಪದಲ್ಲಿರುವ ಮನುಷ್ಯ ಸರ್ಕಾರಿ ಕಾಗದವನ್ನು ಪೂರ್ತಿ ಓದುತ್ತಾನೆಯೇ?

ಅವಳು ಕಾಗದ ಬರೆದಳು. ನಾಲ್ಕು ಸಲ ಹರಿದಳು. ಐದನೆಯದನ್ನು ಕೊಟ್ಟುಬಿಟ್ಟಳು.

ಕಾರಣ ಹೇಳಲು ನಾಚಿಕೆ ಬಿಡಲಿಲ್ಲ; ಅವನಿಗೆ ಫೋನ್ ಮಾಡಿ ಇಷ್ಟೇ ಹೇಳಿದಳು: “ನಾನು ಪರೀಕ್ಷೆ ಮಾಡೋಕಾಗಲ್ಲ. ಬೇರೆಯವರು ಮಾಡ್ತಾರೆ.”

“ಗೊತ್ತಾಯ್ತು ಬಿಡಿ,” ಎಂದು ಅವನು ಫೋನು ಇಟ್ಟ.

ಆಮೇಲೆ ಹನ್ನೆರಡು ದಿನ ಅವನಿಂದ ಸುದ್ದಿಯಿಲ್ಲ. ಮೆಮೊ ಬಂತು, ಉತ್ತರ ಬರೆದಳು. ಅಕ್ಕ ಏನೂ ಕೇಳಲಿಲ್ಲ. ಅಕ್ಕ ಕೇಳದಿರುವುದು ಅವಳು ಕಂಡಂತೆ ಅದೇ ಮೊದಲು.

ಹದಿಮೂರನೆಯ ದಿನ ಊಟದ ವಿರಾಮದಲ್ಲಿ ಅವನು ಬಂದ. ಕೈಯಲ್ಲಿ ಸಂಸ್ಥೆಯ ಲಕೋಟೆ. ಅವಳು ತಕ್ಕಡಿಗೆ ಮುಸುಕು ಹಾಕುತ್ತಿದ್ದಳು.

“ಹದಿನೆಂಟು ಪಾಯಿಂಟ್ ನಾಲ್ಕು,” ಎಂದ. “ಫೇಲು.”

“ನೋಡಿದೆ,” ಎಂದಳು. “ನಿಮ್ಮ ಆರ್ಡರ್...”

“ಒಂದು ತಿಂಗಳು ಟೈಮ್ ಕೊಟ್ಟಿದ್ದಾರೆ. ನಿಮ್ಮ ಭಟ್ಟಿ ವಿಭಾಗದವರು ನಾಳೆ ಬರ್ತಾರಂತೆ. ಬೆಂಕಿ ಹಿಂಬದಿಗೆ ಸರಿಯಾಗಿ ಹೋಗ್ತಿಲ್ಲ, ಹೆಂಚು ಹಸಿಹಸಿ ಬೇಯ್ತಿದೆ ಅಂದ್ರು. ಆ ಮಾಡಿನ ಕೆಳಗೆ ಮಕ್ಕಳು ಕೂರೋವ್ರು...” ಅವನು ತಲೆ ತಗ್ಗಿಸಿದ. “ಸೇಡು ಅಂದುಬಿಟ್ಟೆ. ತಪ್ಪಾಯ್ತು.”

“ಯಾರಾದ್ರೂ ಹಾಗೇ ಅಂದುಕೊಳ್ತಿದ್ರು.”

“ಲಕೋಟೆಯಲ್ಲಿ ಇನ್ನೊಂದು ಕಾಗದ ಇತ್ತು. ಅದನ್ನ ಬಿಲ್ಲು ಅಂದುಕೊಂಡು ಎರಡು ದಿನ ಹಾಗೇ ಇಟ್ಟಿದ್ದೆ. ನಿನ್ನೆ ಅಮ್ಮ ಓದಿ ಕೂಗಿಕೊಂಡ್ರು.” ಅವನು ಕಾಗದ ಬಿಡಿಸಿದ. “‘ಮಾದರಿ ನೀಡಿದವರೊಂದಿಗೆ ನನ್ನ ವಿವಾಹದ ಮಾತುಕತೆ ನಡೆದಿದ್ದು, ಅದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಆದ್ದರಿಂದ ಈ ಹೆಂಚುಗಳನ್ನು ನಾನು ಪರೀಕ್ಷಿಸಲಾರೆ.’ ಇದು... ಮೇಲಿನವರಿಗೆ ಹೆದರಿ ಬರೆದದ್ದಲ್ಲ ತಾನೇ?”

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು!

“ಹೆದರಿದ್ದು ನಿಜ. ನೀವು ಓದ್ತೀರೋ ಇಲ್ವೋ ಅಂತ.”

ಅವನು ಕಾಗದವನ್ನು ಹುಷಾರಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡ. ಆಚೆ ನೀರಿನ ತೊಟ್ಟಿಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅವಳು ಹೋಗಿ ಅದನ್ನು ಬಿಗಿಯಾಗಿ ತಿರುಗಿಸಿ ಬಂದಳು.

“ಹೊಸ ಹೆಂಚು ತಂದಾಗಲೂ ನೀವು ಮುಟ್ಟಲ್ವಾ?”

“ಇಲ್ಲ. ಬೇರೆಯವರೇ ಮಾಡಬೇಕು.”

“ಎಷ್ಟು ದಿನದವರೆಗೆ ಹೀಗೆ?”

“ಸಂಬಂಧ ಇರೋವರೆಗೂ. ನಿಯಮ ಹಾಗಿದೆ.”

ಅವನು ಒಂದು ಹೆಜ್ಜೆ ಹತ್ತಿರ ಬಂದು ಮೆಲ್ಲಗೆ ಹೇಳಿದ.

“ಹಾಗಾದ್ರೆ ನನ್ನ ಹೆಂಚನ್ನ ನೀವು ಇನ್ನು ಯಾವತ್ತೂ ಮುಟ್ಟೋದು ಬೇಡ.”

“ಯಾವತ್ತೂ ಮುಟ್ಟಲ್ಲ,” ಎಂದಳು ಅವಳು.