ಸುರುಳಿಗೆ ಕಟ್ಟಿದ ಭಾರ

"ಕಂಚು" ಎಂದಿತು ಲೋಹಕರ್ಣ ಯಂತ್ರ. ಕೃಷ್ಣೆಯ ಹಿನ್ನೀರಿನ ದಡದಲ್ಲಿ ನೆರೆದವರಿಗೆಲ್ಲ ಕೇಳುವಂತೆ ಧ್ವನಿವರ್ಧಕದಲ್ಲೇ ಹೇಳಿತು. ಹರಿಗೋಲು ನಡೆಸುತ್ತಿದ್ದ ಯಮನೂರಪ್ಪ ಅಂಬಿಗೇರ ಹುಟ್ಟು ಹಾಕುವುದನ್ನೇ ಮರೆತ.

ನೀರಿನಡಿಯ ಲೋಹ ಪತ್ತೆಮಾಡುವ ಯಂತ್ರಗಳು ಹಿಂದೆಯೂ ಇದ್ದವು. ವಿಜ್ಞಾನಿ ಮಂದಾಕಿನಿ ಸವಣೂರರ ಈ ಯಂತ್ರ ಲೋಹದ ಹೆಸರನ್ನೂ ಹೇಳುತ್ತಿತ್ತು. ಅದರ ಶೋಧನಸುರುಳಿಯ ಒಳಗೆಲ್ಲ ಗಾಳಿ. ಬಿಟ್ಟರೆ ಬೆಂಡಿನಂತೆ ತೇಲುತ್ತಿತ್ತು. ತಳ ಮುಟ್ಟಿಸಲು ಭಾರ ಕಟ್ಟಲೇಬೇಕು, ಆ ಭಾರದಲ್ಲಿ ಲೋಹ ಇರಕೂಡದು. ತಂದಿದ್ದ ಪಿಂಗಾಣಿ ಬಿಲ್ಲೆಗಳು ದಾರಿಯಲ್ಲೇ ಒಡೆದುಹೋಗಿದ್ದರಿಂದ ಯಮನೂರಪ್ಪನೇ ಚೀಲಕ್ಕೆ ಮರಳು ತುಂಬಿ ಹೊಲಿದು ಕಟ್ಟಿದ್ದ.

ಹನ್ನೆರಡು ವರ್ಷಗಳ ಹಿಂದೆ ಊರು ಮುಳುಗುವಾಗ ಕರಿವೀರಪ್ಪ ಮಾಸ್ತರರು ಶಾಲೆಯ ಕಂಚಿನ ಗಂಟೆಯ ಪೆಟ್ಟಿಗೆಗೆ ಹಗ್ಗ ಬಿಗಿದು ಇವನ ಹರಿಗೋಲಿಗೆ ಏರಿಸಿದ್ದರು. ನಡುನೀರಿನಲ್ಲಿ ಗಾಳಿಗೆ ಹರಿಗೋಲು ಮಗುಚಿ ಪೆಟ್ಟಿಗೆ ತಳ ಸೇರಿತು. ಮಾರಿಕೊಂಡು ನೆಪ ಹೇಳುತ್ತಾನೆಂದು ಊರು ತೀರ್ಮಾನಿಸಿತು. ಆಡುವವರ ಬಾಯಿಗೆ ಬೀಗವುಂಟೆ? ಅವನು ಗಂಟೆಗಳ್ಳನಾದ. ಮಗಳನ್ನು ನೋಡಲು ಬಂದ ಎರಡು ಮನೆಯವರು ಆ ಹೆಸರು ಕೇಳಿಯೇ ಹಿಂದಿರುಗಿದ್ದರು. ಇಂದು ಹುಡುಕುತ್ತಿದ್ದುದು ಆ ಗಂಟೆಯನ್ನೇ.

ಹತ್ತು ಮಾರು ಸರಿದರು. "ಕಂಚು." ಇನ್ನಷ್ಟು ಸರಿದರು. ಮತ್ತೆ "ಕಂಚು." ಒಂದೇ ಗಂಟೆ ಇಡೀ ಹೊಳೆಯಲ್ಲಿ ಹೇಗಿದ್ದೀತು? ಯಮನೂರಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಒಡೆದು ಚೂರಾಗಿದೆಯೋ, ಗಂಗವ್ವನೇ ಹೊತ್ತು ತಿರುಗುತ್ತಿದ್ದಾಳೋ! ಮಂದಾಕಿನಿಯವರಿಗೂ ಏನೂ ಹೊಳೆಯಲಿಲ್ಲ. ದಡದವರು ಮಾತ್ರ ಗಂಟೆ ಸಿಕ್ಕೇಬಿಟ್ಟಿತೆಂದು ಸಿಳ್ಳೆ ಹೊಡೆಯುತ್ತಿದ್ದರು.

ಕೊನೆಗೆ ಸುರುಳಿಯನ್ನು ಮೇಲೆತ್ತಿದರು. ಗಾಳಿಯಲ್ಲಿ ನೇತಾಡುತ್ತಲೂ ಅದು ಕಂಚು ಎಂದೇ ಹೇಳಿತು. ಮಂದಾಕಿನಿ ಚೀಲದ ಹೊಲಿಗೆ ಬಿಚ್ಚಿ ಮರಳು ಸುರಿದಾಗ ಹಳೆಯ ಪೈಸೆಯೊಂದು ಉದುರಿತು.

"ಮೀನ ಹಿಡಿಯೋ ಹೊಸ ಬಲಿ ನೀರಿಗಿಳಿಸುವಾಗ ಗಂಗವ್ವಗ ಅಂತ ಒಂದ ಪೈಸಾ ಕಟ್ಟತೀವ್ರಿ ಅಕ್ಕಾರ," ಎಂದ ಯಮನೂರಪ್ಪ. "ಇದೂ ಹೊಸಾದ ಅಲ್ರಿ? ನಮ್ಮಜ್ಜನ ಕಾಲದ್ದ ಹಾಕಿದೆ."

ಆ ಕಾಲದ ಪೈಸೆ ಕಂಚಿನದೆಂದೂ, ಯಂತ್ರ ಇಷ್ಟು ಹೊತ್ತು ತನ್ನ ಮಡಿಲಲ್ಲಿದ್ದುದನ್ನೇ ಹೇಳುತ್ತಿತ್ತೆಂದೂ ಮಂದಾಕಿನಿ ಮೆಲ್ಲಗೆ ತಿಳಿಸಿದರು. ಪೈಸೆ ತೆಗೆದು ಮತ್ತೆ ಮರಳು ತುಂಬಿ ಇಳಿಸಿದರು. ಸಂಜೆಯವರೆಗೆ ಹುಡುಕಿದರೂ ಲೋಹಕರ್ಣ ತುಟಿ ಬಿಚ್ಚಲಿಲ್ಲ. ಇನ್ನು ದಡಕ್ಕೆ ಹೋಗಿ ಗಂಟೆ ಇಲ್ಲವೆಂದು ಹೇಳಬೇಕು. ಯಮನೂರಪ್ಪನಿಗೆ ಸತ್ತೇ ಹೋಗೋಣ ಎನ್ನಿಸಿತು.

ದಡ ಇನ್ನೂ ದೂರವಿರುವಾಗಲೇ ಕರಿವೀರಪ್ಪ ಮಾಸ್ತರರು ಧೋತರ ನೆನೆಯುವುದನ್ನೂ ಲೆಕ್ಕಿಸದೆ ನೀರಿಗಿಳಿದು ಬಂದರು. ಯಂತ್ರ ಮೊದಲ ಸಲ ಕಂಚು ಎಂದಾಗಲೇ ಅವರು ಗಲಿಬಿಲಿಗೊಂಡು ಮನೆಗೆ ಓಡಿದ್ದರಂತೆ. ಕಾಳಿನ ಕಣಜದಲ್ಲಿ ಕೈ ಹಾಕಿ ನೋಡಿ, ಬಾಗಿಲು ಹಾಕಿಕೊಂಡು ಬಹಳ ಹೊತ್ತು ಕುಳಿತು, ಈಗ ಮರಳಿ ಬಂದಿದ್ದರು.

"ಯಮನೂರಪ್ಪ, ಯಂತ್ರ ಸುಳ್ಳ ಹೇಳತೈತಿ," ಎಂದರು. ಹರಿಗೋಲಿನ ಅಂಚು ಹಿಡಿದುಕೊಂಡರು. "ಗಂಟಿ ನಮ್ಮ ಮನ್ಯಾಗ ಐತಿ. ಮೂವತ್ತ ವರ್ಷ ಬಾರಿಸಿದ್ದು, ಬಿಡಾಕ ಮನಸ್ಸಾಗಲಿಲ್ಲ. ಪೆಟ್ಟಿಗ್ಯಾಗ ತೂಕಕ್ಕಂತ ಕಲ್ಲ ತುಂಬಿದ್ದೆ. ಹರಿಗೋಲ ಮಗುಚಿದ ಮ್ಯಾಲ ನನಗ ಬಾಯೇ ಬರಲಿಲ್ಲೋ."

ಪೈಸೆಯ ಸಂಗತಿ ಹೇಳಲು ಬಾಯಿ ತೆರೆದ ಮಂದಾಕಿನಿ ಸುಮ್ಮನಾದರು. ಯಮನೂರಪ್ಪನಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಹುಟ್ಟನ್ನು ಕೆಳಗಿಟ್ಟ.

"ಇನ್ನೊಮ್ಮೆ ಹೇಳ್ರಿ ಮಾಸ್ತರ, ಜೋರಾಗಿ ಹೇಳ್ರಿ. ದಂಡಿ ಮ್ಯಾಲ ನನ್ನ ಮಗಳ ನಿಂತಾಳ."