ಒಂದು ಜೊತೆ ಉಳಿದಿದೆ

ಮೊದಲ ದಿನವೇ ನಾನು ಅವರಿಗೆ ಬೇರೆಯವರ ಶೂ ಕೊಟ್ಟು ಕಳಿಸಿದ್ದೆ.

ತಪ್ಪು ಪೂರ್ತಿ ನನ್ನದಲ್ಲ. ಪ್ರವಾಸಿಗರನ್ನು ನಡೆಸಿಕೊಂಡು ಊರು ತೋರಿಸುವ ಕಂಪನಿಯವರು ತಮ್ಮ ಇಬ್ಬರು ಗೈಡ್‌ಗಳಿಗೂ ಒಂದೇ ಥರದ ಕಂದು ಶೂ ಕೊಡಿಸಿದ್ದರು. ಹಿರಿಯ ಗೈಡ್ ಆ ದಿನ ಹೊಸಬರಿಗೆ ಕೆಲಸ ಕಲಿಸಲೆಂದು ಜೊತೆಗೆ ಕರೆತಂದಿದ್ದರು. ಹೊರಡುವ ಗದ್ದಲದಲ್ಲಿ ಜೊತೆಗಳು ಅದಲುಬದಲಾದವು.

ಮುಂದಿನ ಶನಿವಾರ ಹೊಸ ಗೈಡ್ ಒಬ್ಬರೇ ತಂಡ ಕರೆದುಕೊಂಡು ಬಂದರು. ಸ್ವಲ್ಪ ಕುಂಟುತ್ತಿದ್ದರು. ನನ್ನ ಅರ್ಧ ಬಾಗಿಲಿನ ಮೇಲೆ ಮೊಣಕೈ ಊರಿ ಕೇಳಿದರು:

"ಮೇಡಂ, ಒಂದೇ ಮಧ್ಯಾಹ್ನದಲ್ಲಿ ಕಾಲು ಬೆಳೆಯುತ್ತಾ?"

ನನಗೆ ಏನೂ ಅರ್ಥವಾಗಲಿಲ್ಲ.

"ಇಲ್ಲಿಂದ ಹೊರಟಾಗ ಶೂ ಬಿಗಿಯಾಯ್ತು. ನಡೆದು ನಡೆದು ಪಾದ ಊದಿಕೊಂಡಿದೆ ಅಂದ್ಕೊಂಡೆ. ನಮ್ಮೂರು ಸೇರೋ ಹೊತ್ತಿಗೆ ಹಿಮ್ಮಡಿ ಸುಲಿದು ಹೋಗಿತ್ತು. ಆ ಕಡೆ ನಮ್ಮ ಸೀನಿಯರ್‌ಗೆ ತಾನು ಸಣ್ಣಗಾಗಿದ್ದೀನಿ ಅಂತ ಖುಷಿಯೋ ಖುಷಿ!"

ನಾನು ನಾಲಿಗೆ ಕಚ್ಚಿಕೊಂಡೆ. ಕ್ಷಮಿಸಿ ಎನ್ನಬೇಕಿತ್ತು. ಅದರ ಬದಲು ಶೂ ಗುರುತಿಗೆ ಕೊಡುವ ಒಂದು ಹಿತ್ತಾಳೆ ಬಿಲ್ಲೆ ಎತ್ತಿ ಕೊಟ್ಟೆ. ಅಂಚು ಮುರಿದ ಬಿಲ್ಲೆ ಅದು. ಹಾಗಾದರೆ ಇವರ ಶೂ ಇನ್ನೊಬ್ಬರದರ ಜೊತೆ ಬೆರೆಯುವುದಿಲ್ಲ ಎಂದು ನನ್ನ ಲೆಕ್ಕ.

ಅವರು ಮುರಿದ ಅಂಚನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಶೂ ಇಡುವ ಗೂಡುಗಳ ಕಡೆ ತಿರುಗಿಕೊಂಡೆ.

ನಮ್ಮ ಊರಿನ ಹಳೆಯ ಮಹಲು ಈಗ ಮ್ಯೂಸಿಯಂ. ನೆಲವೆಲ್ಲ ಮರದ ಹಲಗೆ, ಕನ್ನಡಿಯ ಹಾಗೆ ಹೊಳೆಯುತ್ತದೆ. ಒಳಗೆ ಹೋಗುವವರೆಲ್ಲ ಶೂ ಚಪ್ಪಲಿ ಬಿಡಬೇಕು. ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಕೂತು ಅವನ್ನು ಕಾಯುವವಳು ನಾನು. ಸಂದಿಗೆ ಕಿಟಕಿ ಇಲ್ಲ. ಎದ್ದು ನಿಂತರೆ ತಲೆಗೆ ಮೆಟ್ಟಿಲು ತಾಗುತ್ತದೆ.

ಇದು ಅಮ್ಮನ ಕೆಲಸವಾಗಿತ್ತು. ಅವಳ ಮೊಣಕಾಲು ಕೈಕೊಟ್ಟ ವರ್ಷ ನಾನು ಏಳನೇ ಕ್ಲಾಸಿನಲ್ಲಿದ್ದೆ. ಅಂಗಳದಾಚೆಯ ಎರಡು ಕೋಣೆಯ ಮನೆ ಈ ಕೆಲಸಕ್ಕೆಂದು ಕೊಟ್ಟದ್ದು. ಯಾರಾದರೂ ಇಲ್ಲಿ ಕೂತರೆ ಮನೆ ಉಂಟು, ಇಲ್ಲವಾದರೆ ಇಲ್ಲ. ಅಣ್ಣ ಬೀಗದ ಕೈ ಗೊಂಚಲು ಹಿಡಿದು ಜನರಿಗೆ ಮಹಡಿ ತೋರಿಸುತ್ತಾನೆ. ಹಾಗಾಗಿ ಪುಸ್ತಕದ ಚೀಲ ಮೊಳೆಗೆ ತೂಗುಹಾಕಿ ನಾನು ಬಂದು ಕೂತೆ. ಅಂಗಳ ದಾಟಿ ಬರುವುದು, ಅಂಗಳ ದಾಟಿ ಹೋಗುವುದು. ಪೇಟೆಗೆ ಹೋದರೆ ಅಣ್ಣನ ಜೊತೆ.

ಅಮ್ಮ ಕಲಿಸಿಕೊಟ್ಟ ಕಟ್ಟಳೆ ಒಂದೇ: ಗೂಡಿನಲ್ಲಿ ಒಂದು ಜೊತೆ ಉಳಿದಿದ್ದರೂ ಕಾಯುವವಳು ಏಳುವಂತಿಲ್ಲ.

ತಂಡ ಅಣ್ಣನ ಹಿಂದೆ ಮಹಡಿ ಹತ್ತಿದರೆ ಇಳಿಯಲು ಒಂದು ತಾಸು. ಅಷ್ಟು ಹೊತ್ತು ಗೈಡ್ ನನ್ನೆದುರಿನ ಬೆಂಚಿನ ಮೇಲೆ ಕಾಲು ಚಾಚಿ ಕೂರುತ್ತಿದ್ದರು. ನಾನು ಶೂಗಳ ಕೆಸರು ಒರೆಸುತ್ತಿದ್ದೆ. ಅವರು ಮಾತಾಡುತ್ತಿದ್ದರು, ನಾನು ಹೂಂಗುಟ್ಟುತ್ತಿದ್ದೆ. ಬಸ್ಸಿಳಿದ ಕೂಡಲೇ ತಂಡಕ್ಕೆ ಹೇಳುವ ಮಾತನ್ನು ನನಗೂ ಒಪ್ಪಿಸಿದರು: "ಇದು ಸುಲಭದ ನಡಿಗೆ. ಏರು ಇಲ್ಲ, ಇಳಿಜಾರಿಲ್ಲ. ಹೊಳೆ ಪಕ್ಕ, ಹಾಳು ಗಿರಣಿ, ಕಲ್ಲು ಸೇತುವೆ, ಊರ ಹೆಬ್ಬಾಗಿಲು. ಎಲ್ಲರನ್ನೂ ಕ್ಷೇಮವಾಗಿ ವಾಪಸ್ ತಂದು ಬಿಡೋದು ನನ್ನ ಜವಾಬ್ದಾರಿ."

ಒಂದು ಶನಿವಾರ ನನ್ನ ಬಾಯಿಂದ ಮಾತು ತಾನಾಗಿ ಬಂತು.

"ಇವತ್ತು ಹೊಳೆ ದಂಡೆ ಬಿಟ್ಟು ಮೇಲಿನ ದಾರೀಲಿ ಬಂದ್ರಾ?"

ಅವರು ನೆಟ್ಟಗೆ ಕೂತರು. "ಅಬ್ಬಾ, ಮಾತು ಬರುತ್ತೆ! ಯಾರು ಹೇಳಿದ್ರು ನಿಮಗೆ?"

ನಾನು ಒಂದು ಶೂ ಮಗುಚಿ ತೋರಿಸಿದೆ. ಅಂಗಾಲಿನ ತುಂಬ ಕೆಂಪು ಧೂಳು. ಹೊಳೆಯ ಕಪ್ಪು ಕೆಸರಿನ ಗುರುತೇ ಇಲ್ಲ.

"ದಂಡೆ ಕುಸಿದಿತ್ತು," ಎಂದರು. ಆಮೇಲೆ ಮೆಲ್ಲಗೆ, "ನೀವು ಒಂದು ಸಲವೂ ಆ ದಾರೀಲಿ ನಡೆದಿಲ್ವಾ?"

ಇಲ್ಲವೆಂದು ತಲೆಯಾಡಿಸಿದೆ.

ಅವತ್ತಿನಿಂದ ಅವರ ಶೂ ನನಗಾಗಿ ಸುದ್ದಿ ತರಲು ಶುರುಮಾಡಿತು. ಲೇಸಿನ ಗಂಟಿನಲ್ಲಿ ಒಂದು ಹಳದಿ ಎಸಳು. ಇನ್ನೊಂದು ವಾರ ನೀಲಿ ಗರಿಯ ತುಣುಕು. ಮತ್ತೊಂದು ವಾರ ಹಿಮ್ಮಡಿಯ ಸಂದಿಯಲ್ಲಿ ಗಿರಣಿ ಗೋಡೆಯ ಹಸಿ ಪಾಚಿ. ಅವರು ಬೆಂಚಿನ ಮೇಲೆ ಕೂತು ಚಾವಣಿ ನೋಡುತ್ತಿದ್ದರು. ನಾನು ಹುಡುಕಿ ತೆಗೆದಾಗ ಮಾತ್ರ ತುಟಿಯ ಒಂದು ಕೊನೆ ಅಲುಗುತ್ತಿತ್ತು.

ಎಲ್ಲರ ಶೂ ಒರೆಸುತ್ತಿದ್ದೆ. ಅವರದನ್ನು ಒರೆಸುತ್ತಿರಲಿಲ್ಲ.

"ಒಂದು ದಿನ ಬಂದುಬಿಡಿ," ಎಂದರು ಒಮ್ಮೆ. "ನನ್ನ ಜೊತೆ."

ಬಂದುಬಿಡಿ ಎಂದರೆ ನನಗೆ ಒಂದೇ ಅರ್ಥ ಗೊತ್ತಿದ್ದದ್ದು. ನಾನು ಎದ್ದು ಹೋದರೆ ಈ ಸಂದಿ ಖಾಲಿ. ಸಂದಿ ಖಾಲಿಯಾದರೆ ಅಮ್ಮ ಆ ಎರಡು ಕೋಣೆಯಿಂದ ಎಲ್ಲಿಗೆ ಹೋಗಬೇಕು?

"ಆಗಲ್ಲ," ಎಂದೆ. ಬಾಗಿಲು ಬಡಿದ ಹಾಗೆ ಕೇಳಿಸಿತು ನನಗೇ.

ಅವರು ಮತ್ತೆ ಕೇಳಲಿಲ್ಲ. ಎಸಳು ಮಾತ್ರ ಬರುತ್ತಿತ್ತು.

ಇದು ಅಣ್ಣನ ಕಣ್ಣಿಗೂ ಬಿತ್ತು. "ಆ ಗೈಡ್ ಯಾಕೆ ಮೇಲೆ ಬರಲ್ಲ? ಬೆಂಚಿಗೆ ಅಂಟು ಹಾಕಿದ್ದಾರಾ?" ಎಂದ ಊಟಕ್ಕೆ ಕೂತಾಗ. ಅಮ್ಮ ಅವನಿಗೆ ಇನ್ನಷ್ಟು ಬಡಿಸಿದಳು. ನನ್ನ ಮುಖ ನೋಡಲಿಲ್ಲ.

ಆಮೇಲೊಂದು ಶನಿವಾರ ಲೇಸಿನಲ್ಲಿ ಏನೂ ಇರಲಿಲ್ಲ.

"ಇವತ್ತೇ ಕೊನೆ," ಎಂದರು. "ಇಲ್ಲಿ ಮೆಟ್ಟಿಲು ಜಾಸ್ತಿ ಅಂತ ವಯಸ್ಸಾದವರು ಕಂಪನಿಗೆ ಹೇಳಿದ್ದಾರೆ. ಮುಂದಿನ ವಾರದಿಂದ ಹೊಳೆ ದಾಟಿ ಗಡಿಯಾರದ ಗೋಪುರದ ಕಡೆ ಹೋಗ್ತೀವಿ."

"ಹೂಂ," ಎಂದೆ.

ಕೈ ಬೇರೆ ಯಾರದೋ ಶೂವನ್ನು ಒರೆಸುತ್ತಲೇ ಇತ್ತು. ಮೇಲೆ ಹಲಗೆಗಳು ಕಿರುಗುಟ್ಟುತ್ತಿದ್ದವು. ಹೇಳಬೇಕಾದದ್ದು ಎಷ್ಟೊಂದಿತ್ತು! ಆದರೆ ಆ ತಾಸು ಎಂದಿಗಿಂತ ಬೇಗ ಮುಗಿಯಿತು. ಜನ ದಡದಡ ಇಳಿದರು. ಬಿಲ್ಲೆ, ಶೂ, ಬಿಲ್ಲೆ, ಶೂ. ತಲೆ ಎತ್ತಲು ಪುರುಸೊತ್ತಿಲ್ಲ. ಎತ್ತಿದಾಗ ಬೆಂಚು ಖಾಲಿ.

ಗೂಡಿನಲ್ಲಿ ಕಂದು ಶೂ ಹಾಗೇ ಕೂತಿತ್ತು.

ತಂಡದ ಹಿಂದಿದ್ದ ಅಜ್ಜಿಯೊಬ್ಬಳು ತಿರುಗಿ ನೋಡಿ ನಕ್ಕಳು. "ನಮ್ಮ ಗೈಡ್ ಬರಿಗಾಲಲ್ಲಿ ಹೊರಟಿದ್ದಾನಲ್ಲಮ್ಮ! ಕೇಳಿದ್ರೆ ಶೂ ಕಚ್ಚುತ್ತೆ ಅಂತಾನೆ."

ನಾನು ಕೂತೇ ಇದ್ದೆ. ಅಣ್ಣ ಮೇಲಿನ ಬಾಗಿಲೆಲ್ಲ ಮುಚ್ಚಿ ಬಂದ.

"ಏಳು, ಬೀಗ ಹಾಕಬೇಕು."

"ಒಂದು ಜೊತೆ ಉಳಿದಿದೆ."

"ಯಾರದ್ದು?"

ಅವನು ಶೂ ನೋಡಿದ, ನನ್ನನ್ನು ನೋಡಿದ. "ಮರೆತು ಹೋಗೋಕೆ ಅದೇನು ಕೊಡೆನಾ?" ಎಂದು ಗೊಣಗಿ ಅಮ್ಮನನ್ನು ಕರೆತಂದ. ಅಮ್ಮ ಕೋಲೂರಿಕೊಂಡು ಅಂಗಳ ದಾಟಿ ಬಂದಳು. ಬಗ್ಗಿ ಗೂಡಿನೊಳಗೆ ಇಣುಕಿದಳು.

"ಮಿಕ್ಕಿದ್ದೆಲ್ಲ ಹೊಳೆಯೋ ಹಾಗೆ ಒರೆಸ್ತೀಯ. ಇದೊಂದು ಯಾಕೆ ಹೀಗೆ ಕೆಸರು ಮೆತ್ತಿಕೊಂಡಿದೆ?"

ನನ್ನ ಕಣ್ಣು ತುಂಬಿತು.

ಅಮ್ಮ ಬೆಂಚಿನ ಮೇಲೆ ಕೂತು ಮೊಣಕಾಲು ಒತ್ತಿಕೊಂಡಳು. "ಕಾಯೋಳು ಏಳಬಾರದು ಅಂದಿದ್ದು ಶೂ ಕಳುವಾಗದೆ ಇರಲಿ ಅಂತ ಕಣೇ. ನೀನು ಕಳೆದುಹೋಗ್ಲಿ ಅಂತಲ್ಲ. ಏಳು. ಅದನ್ನ ಮನೆಗೆ ಎತ್ಕೊಂಡು ಬಾ."

ಸೋಮವಾರ ಮ್ಯೂಸಿಯಮ್ಮಿಗೆ ರಜೆ. ಬೆಳಿಗ್ಗೆ ನಾನು ಒಳಗೆ ಬಟ್ಟೆ ಹಿಂಡುತ್ತಿದ್ದೆ. ಅಮ್ಮ ಹೊಸ್ತಿಲ ಬಳಿ ಕಾಲು ಚಾಚಿ ಕೂತಿದ್ದಳು. ಅಂಗಳದಲ್ಲಿ ಹವಾಯಿ ಚಪ್ಪಲಿಯ ಪಟಪಟ ಸದ್ದು.

"ಯಾರಪ್ಪಾ?"

"ಶೂ ಬಿಟ್ಟು ಹೋಗಿದ್ದೆ, ಅಮ್ಮ."

"ಇವತ್ತು ರಜೆ."

"ಗೊತ್ತು. ಅದಕ್ಕೇ ಬಂದೆ."

ಅಮ್ಮ ನಗು ತಡೆದದ್ದು ಒಳಗಿದ್ದ ನನಗೂ ತಿಳಿಯಿತು. ಒದ್ದೆ ಕೈಯಲ್ಲೇ ಬಂದು ಬಾಗಿಲ ಮರೆಯಲ್ಲಿ ನಿಂತೆ. ಬರಿಗಾಲಲ್ಲಿ ನಡೆದ ಅವರ ಹಿಮ್ಮಡಿಗೆ ಪಟ್ಟಿ. ಆ ಕಾಲು ನೋಡಿ ನನಗೆ ಎಲ್ಲಿಲ್ಲದ ಧೈರ್ಯ ಬಂತು.

"ನಾನು ಈ ಜಾಗ ಬಿಟ್ಟು ಬರೋಕಾಗಲ್ಲ," ಎಂದೆ. "ನಾನು ಬಂದ್ರೆ ಇವರಿಗೆ ಮನೆ ಇರಲ್ಲ. ಅದಕ್ಕೇ ಅವತ್ತು ಆಗಲ್ಲ ಅಂದಿದ್ದು. ಮನಸ್ಸಿಲ್ಲ ಅಂತಲ್ಲ."

ಕೊನೆಯ ಮಾತು ಆಡಿದ ಮೇಲೆ ಕಿವಿಯವರೆಗೂ ಬಿಸಿಯಾಯಿತು.

ಅವರು ಬೆಪ್ಪಾಗಿ ನನ್ನನ್ನೇ ನೋಡಿದರು. "ಬಿಟ್ಟು ಬನ್ನಿ ಅಂದವರು ಯಾರು? ನಡೆದು ಬರೋಣ ಅಂದೆ. ಕರ್ಕೊಂಡು ಹೋಗಿ ವಾಪಸ್ ತಂದು ಬಿಡೋದೇ ಅಲ್ವಾ ನನ್ನ ಕೆಲಸ? ಇಷ್ಟು ದಿನ ಅದನ್ನೇ ಹೇಳ್ತಾ ಕೂತಿದ್ದೆ!"

ಒಳಗಿಂದ ಅಣ್ಣ ಬಂದ. ಗೈಡ್ ಅವನಿಗೂ ನಮಸ್ಕಾರ ಹಾಕಿದರು. ಅಣ್ಣ ಗೊಂಚಲನ್ನು ಈ ಕೈಯಿಂದ ಆ ಕೈಗೆ ಹಾಕಿ ಅಮ್ಮನ ಕಡೆ ನೋಡಿದ.

"ಹೋಗಿ ಬರಲಿ ಬಿಡು," ಎಂದಳು ಅಮ್ಮ. "ಆದ್ರೆ ಶೂ ಇಲ್ಲೇ ಇರುತ್ತೆ. ಅವಳನ್ನ ತಂದು ಬಿಟ್ಟ ಮೇಲೆ ತಗೊಂಡು ಹೋಗಪ್ಪ."

"ಹವಾಯಿ ಚಪ್ಪಲೀಲಿ ಹೊಳೆ ದಂಡೇಲಾ?"

"ಸುಲಭದ ನಡಿಗೆ ಅಂತೀರಲ್ಲ," ಎಂದೆ ನಾನು.

ಊರ ಹೆಬ್ಬಾಗಿಲ ಹತ್ತಿರ ನನ್ನ ಕಾಲು ನಿಂತಿತು. ಆಚೆ ಬರೀ ಬಯಲು, ನಡುವೆ ಕಾಲುದಾರಿ. ಒಂದು ತಡೆಯೂ ಇರಲಿಲ್ಲ. ಆದರೂ ತಲೆ ತಾನಾಗಿ ಬಗ್ಗಿತು, ಮೇಲೆ ಮೆಟ್ಟಿಲಿದೆಯೇನೋ ಎಂಬಂತೆ. ಅವರು ಕರೆಯಲಿಲ್ಲ, ಕೈ ಹಿಡಿದು ಎಳೆಯಲಿಲ್ಲ. ಪಕ್ಕದಲ್ಲಿ ನಿಂತು ಕಾದರು. ಕಾಯುವುದು ಎಂಥ ಕೆಲಸವೆಂದು ನನಗೆ ಗೊತ್ತು.

ತಲೆ ಎತ್ತಿ ದಾಟಿದೆ.

ಕೆಂಪು ಧೂಳು ಮೊದಲು ಸಿಕ್ಕಿತು. ಆಮೇಲೆ ಹಳದಿ ಹೂವಿನ ಪೊದೆ. ನಾನು ಅದರ ಒಂದೊಂದು ಎಸಳನ್ನೇ ಕಂಡಿದ್ದವಳು. ಅಷ್ಟನ್ನೂ ಒಟ್ಟಿಗೆ ನೋಡಿ ಅಲ್ಲೇ ಕೂತುಬಿಟ್ಟೆ. ಗಿರಣಿ ಗೋಡೆಯ ಪಾಚಿಗೆ ಕೆನ್ನೆ ಇಟ್ಟೆ. ಹೊಳೆಯ ಕಪ್ಪು ಕೆಸರಿನಲ್ಲಿ ಅವರ ಚಪ್ಪಲಿ ಹೂತು, ಬಾರು ಕಿತ್ತು ಬಂತು. "ಮೇಡಂ, ಈ ಸಲವೂ ತಪ್ಪು ನಿಮ್ಮದೇ," ಎಂದರು. ನನ್ನ ನಗು ಹೊಳೆಯ ಆಚೆ ದಡಕ್ಕೂ ಕೇಳಿಸಿರಬೇಕು.

ಊಟದ ಹೊತ್ತಿಗೆ ವಾಪಸ್ ತಂದು ಬಿಟ್ಟರು. ನಾನು ಕಂದು ಶೂ ತಂದು ಮುಂದಿಟ್ಟು ಕೈ ಚಾಚಿದೆ.

"ಬಿಲ್ಲೆ?"

ಅವರು ಜೇಬು ತಡಕಿದರು. ಇನ್ನೊಂದು ಜೇಬನ್ನೂ ತಡಕಿದರು. ಚಾವಣಿ ಇರಲಿಲ್ಲವಾದ್ದರಿಂದ ಆಕಾಶ ನೋಡಿದರು.

"ಮನೇಲಿ ಮರೆತು ಬಂದೆ."

"ಬಿಲ್ಲೆ ಇಲ್ಲದೆ ಕೊಡೋ ಹಾಗಿಲ್ಲ."

"ಗೊತ್ತು. ಮುಂದಿನ ಸೋಮವಾರ ತರ್ತೀನಿ."

ಶೂ ಎತ್ತಿಕೊಂಡೆ. ನನ್ನ ಚಪ್ಪಲಿಯ ಕೆಸರು ಒಣಗಿ ಬಿರಿಯುತ್ತಿತ್ತು, ಒರೆಸುವ ಮನಸ್ಸಾಗಲಿಲ್ಲ. ಒಳಗೆ ಅಮ್ಮ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದಳು.

ಅವರು ಅಂಗಳದ ಅರ್ಧಕ್ಕೆ ಹೋಗಿದ್ದರು, ಕಿತ್ತ ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ.

"ರೀ," ಎಂದೆ.

ತಿರುಗಿದರು.

"ಅವತ್ತೂ ಮರೆತು ಬನ್ನಿ."