ಡಬ್ಬಿಯಲ್ಲಿದ್ದ ಆರು ಪಿನ್ನುಗಳು

ಇದಾದದ್ದು ಮಟಮಟ ಮಧ್ಯಾಹ್ನ, ಹ್ಯಾಂಬರ್ಗಿನ ನಮ್ಮ ಬೀಗದ ಹುಚ್ಚರ ಸಂಘದಲ್ಲಿ. ಗೆಳತಿ ವಿಬ್ಕೆ ತಂದಿಟ್ಟಿದ್ದ ಭಾರೀ ಭದ್ರತೆಯ ಬೀಗಕ್ಕೆ ನಾನು ಕೈಹಾಕಿದೆ. ಹಲ್ಲಿಲ್ಲದ ಹಿತ್ತಾಳೆ ಕೀಲಿಕೈ ತೂರಿಸಿ ಬಲವಾಗಿ ತಿರುಚಿದರೆ ಒಳಗಿನ ಉಕ್ಕಿನ ಪಿನ್ನುಗಳು ಅದರ ಮೇಲೆ ಚುಕ್ಕಿ ಒತ್ತುತ್ತವೆ. ಚುಕ್ಕಿ ಬಿದ್ದಲ್ಲಿ ಅರದಿಂದ ಉಜ್ಜಿ ಮತ್ತೆ ತೂರಿಸಬೇಕು. ಪ್ರತಿ ಸಲವೂ ಕೀಲಿಕೈ ಮಂಜುಗಡ್ಡೆಯಂತೆ ತಣ್ಣಗಾಗಿ ಹೊರಬರುತ್ತಿತ್ತು. ಒಂದು ಗಂಟೆ ಸತಾಯಿಸಿ ಬೀಗ ತೆರೆಯಿತು.

"ತೆಗ್ದೇ ಬಿಟ್ಟೆ! ಪಂದ್ಯದ ಕೇಕ್ ನೀನೇ ತರ್ಬೇಕು!" ಎಂದು ವಿಬ್ಕೆಗೆ ಕೂಗಿ ಹೇಳಿದೆ.

"ಯಾರಿಗೆ ಕಿವಿ ಮೇಲೆ ಹೂ ಇಡ್ತೀಯೋ ಹೌಕೆ? ಅದು ಖಾಲಿ ಬೀಗ. ಪಿನ್ನೆಲ್ಲಾ ಬೆಳಿಗ್ಗೆನೇ ತೆಗ್ದು ಡಬ್ಬಿಗೆ ಹಾಕಿದೀನಿ. ಏನ್ ತೂರಿಸಿದ್ರೂ ಗಿರಗಿರ ತಿರುಗುತ್ತೆ."

ಆರು ಕಡೆ ಚುಕ್ಕಿ ಬಿದ್ದು, ನಾನು ಉಜ್ಜಿದ್ದ ಕೀಲಿಕೈ ತೋರಿಸಿದೆ. ಅವಳ ಮುಖ ಬಿಳಿಚಿತು. ಬೆಳಗಿನಿಂದ ಜೇಬಿನಲ್ಲೇ ಇದ್ದ ಡಬ್ಬಿಯನ್ನು ತೆರೆದಳು. ಆರೂ ಪಿನ್ನುಗಳ ತುದಿಗೆ ಹಿತ್ತಾಳೆಯ ಹೊಸ ಪುಡಿ ಮೆತ್ತಿತ್ತು.